ಅಸ್ಫಹಾನ ಸೈಕಲ್ಲಿಗೆ ನಾನು ಹಾಕಿದ ಬೆಸುಗೆ

ಅಸ್ಫಹಾನ ಗಿರಣಿಯ ಮುಂದೆ ಸೀನದೆ ದಾಟಿದವರನ್ನು ನಾನು ಕಂಡಿಲ್ಲ. ಅಸ್ಮರಾದ ಮೆದೆಬೆರ್ ಸಂತೆಯಲ್ಲಿ ಒಣಮೆಣಸಿನಕಾಯಿ ಬೀಸುವ ಗಿರಣಿಗಳದ್ದೇ ಒಂದು ಸಾಲು. ಅವನದು ಆ ಸಾಲಿನ ಕೊನೆಯದು, ಕಬ್ಬಿಣದವರ ಸಾಲಿಗೆ ಅಂಟಿಕೊಂಡದ್ದು, ಅಂದರೆ ನನ್ನ ಪಕ್ಕದ್ದು. ನಾನು ಹಳೆಯ ಎಣ್ಣೆ ಡ್ರಮ್ಮು ಕತ್ತರಿಸಿ ಇಂಜೆರಾ ರೊಟ್ಟಿ ಸುಡುವ ಒಲೆ ಮಾಡುವವನು. ಅವನ ಕಡೆಯಿಂದ ನನಗೆ ಖಾರದ ಧೂಳು, ನನ್ನ ಕಡೆಯಿಂದ ಅವನಿಗೆ ಸುತ್ತಿಗೆಯ ಸದ್ದು. ಹೀಗೆ ಒಬ್ಬರನ್ನೊಬ್ಬರು ಸಹಿಸಿಕೊಂಡು ಸ್ನೇಹಿತರಾಗಿದ್ದೆವು.

ಅವನ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಆದರೂ ಬರೆಯಬೇಕಾದವನು ನಾನೇ. ಯಾಕೆಂದರೆ ಅಸ್ಫಹಾ ತನ್ನ ಬದುಕಿನಲ್ಲಿ ತನಗಾಗಿ ಬಯಸಿದ್ದು ಒಂದೇ ಒಂದು ಓಟ. ಅದನ್ನು ತಪ್ಪಿಸಿದವನು ನಾನು.

ಹತ್ತೊಂಬತ್ತನೇ ವಯಸ್ಸಿನಲ್ಲಿ ಅವನು ಒಬ್ಬ ಇಟಲಿಯವನ ಬೇಕರಿಯಲ್ಲಿ ರೊಟ್ಟಿ ಹಂಚುವ ಕೆಲಸ ಮಾಡುತ್ತಿದ್ದನಂತೆ. ಬೆಳಗಿನ ಜಾವ ಬೆನ್ನ ಮೇಲೆ ಬುಟ್ಟಿ ಕಟ್ಟಿಕೊಂಡು ಊರೆಲ್ಲ ಸುತ್ತಿ, ಮಧ್ಯಾಹ್ನ ಬುಟ್ಟಿ ಇಳಿಸಿ ನೆಫಾಸಿತ್ ಇಳಿಜಾರಿಗೆ ಹೋಗುತ್ತಿದ್ದ. ನಮ್ಮ ಊರು ಮೋಡದ ಮೇಲಿದೆ, ನೆಫಾಸಿತ್ ಮೋಡದ ಕೆಳಗೆ. ನಡುವಿನ ರಸ್ತೆ ಬರೀ ತಿರುವು. ಆ ರಸ್ತೆಯಲ್ಲಿ ಇಳಿದು, ಮತ್ತೆ ಹತ್ತಿ ಬಂದವನನ್ನೇ ಇಲ್ಲಿ ಸೈಕಲ್ ಸವಾರ ಎಂದು ಕರೆಯುವುದು. ಆ ವರ್ಷ ದೊಡ್ಡ ಓಟಕ್ಕೆ ಅವನ ಹೆಸರು ಬಂತು. ಓಟಕ್ಕೆ ಎಂಟು ದಿನ ಇರುವಾಗ ಊರಿನ ಸುತ್ತ ಗುಂಡು ಹಾರತೊಡಗಿತು. ಓಟ ನಿಂತಿತು, ಬೇಕರಿ ಮುಚ್ಚಿತು, ಅವನು ಗಡಿ ದಾಟಿ ಸೂಡಾನಿನ ಕಸಲಾ ಸೇರಿ ಹದಿನೇಳು ವರ್ಷ ಇನ್ನೊಬ್ಬರ ಗಿರಣಿಯಲ್ಲಿ ಹಿಟ್ಟು ಬೀಸಿದ. ದೇಶ ಸ್ವತಂತ್ರವಾದ ಮೇಲೆ ಹೆಂಡತಿ ಹಿದಾತ್‌ಳನ್ನು ಕರೆದುಕೊಂಡು ವಾಪಸು ಬಂದ.

ಆ ಸೈಕಲ್ಲು ಬಂದದ್ದು ಗುಜರಿ ಲಾರಿಯಲ್ಲಿ. ಲಾರಿ ಬಂದ ದಿನ ನಾವು ಕಬ್ಬಿಣದವರು ಇರುವೆಗಳ ಹಾಗೆ ಮುತ್ತಿಕೊಳ್ಳುತ್ತೇವೆ. ನಾನು ಡ್ರಮ್ಮು ಎಳೆಯುತ್ತಿದ್ದೆ. ಅಸ್ಫಹಾ ಗಿರಣಿ ಬಿಟ್ಟು ಬಂದು ಮುರಿದ ಮಂಚಗಳ ಅಡಿಗೆ ಕೈ ಹಾಕಿ ಏನನ್ನೋ ಜಗ್ಗಿದ. ಓಟದ ಸೈಕಲ್ಲು, ಇಟಲಿಯವರ ಕಾಲದ್ದು. ಮೈಯೆಲ್ಲ ತುಕ್ಕು. ಚಕ್ರ ಒಂದೇ, ಅದೂ ಸೊಟ್ಟಗಾಗಿ ಎಂಟರ ಆಕಾರಕ್ಕೆ ತಿರುಚಿತ್ತು. ಸೀಟಿನ ಕೊಳವೆ ಒಳಗೇ ಕಚ್ಚಿಕೊಂಡಿತ್ತು. ಅವನು ಬೆರಳಿನ ಉಗುರಿನಿಂದ ಅದರ ಪೈಪನ್ನು ಟಣ್ ಎಂದು ತಟ್ಟಿ, ಕಿವಿ ಕೊಟ್ಟು ಕೇಳಿದ.

"ಜೀವ ಇದೆ ಕಣೋ ಬೆರಾಖಿ," ಅಂದ.

"ಟೆಟನಸ್ಸೂ ಇದೆ," ಅಂದೆ.

ಗುಜರಿಯವನಿಗೆ ಹತ್ತು ಕಿಲೊ ಖಾರದ ಪುಡಿ ಕೊಟ್ಟು ಅದನ್ನು ತಂದ. ಸಂಜೆ ಹಿದಾತ್ ಬಂದು ನೋಡಿದಳು. ಸೊಂಟದ ಮೇಲೆ ಕೈಯಿಟ್ಟು ನನ್ನ ಕಡೆ ತಿರುಗಿದಳು.

"ಬೆರಾಖಿ ಅಣ್ಣ, ನೀನಾದ್ರೂ ಹೇಳಬಾರದಾ? ಹತ್ತು ಕಿಲೊ ಖಾರ ಕೊಟ್ಟು ಹತ್ತು ಕಿಲೊ ತುಕ್ಕು ತಂದಿದ್ದಾನೆ. ನಾಳೆಯಿಂದ ಸಾರಿಗೆ ತುಕ್ಕು ಹಾಕಿ ಕುದಿಸ್ತೀನಿ, ಉಣ್ಣಲಿ."

"ಕಬ್ಬಿಣದ ಅಂಶ ಒಳ್ಳೇದು ಅಂತಾರೆ ಡಾಕ್ಟರು," ಅಂದ ಅಸ್ಫಹಾ, ತಲೆ ಎತ್ತದೆ.

ಮನೆಯ ಖರ್ಚಿನಿಂದ ಒಂದು ಕಾಸೂ ತೆಗೆಯುವುದಿಲ್ಲ ಎಂದು ಅವಳಿಗೆ ಮಾತು ಕೊಟ್ಟಿದ್ದ. ತೆಗೆಯಲೂ ಇಲ್ಲ. ಗಿರಣಿಯ ಕಲ್ಲಿನ ಸಂದಿಯಲ್ಲಿ ಉಳಿಯುವ ಪುಡಿ ಅವನದು; ಅದನ್ನು ದಿನಾ ಕುಂಚದಿಂದ ಗುಡಿಸಿ ಡಬ್ಬಿಗೆ ತುಂಬಿಡುತ್ತಿದ್ದ. ಆ ಡಬ್ಬಿಯೇ ಅವನ ಬ್ಯಾಂಕು. ಇನ್ನೊಂದು ಚಕ್ರಕ್ಕೆ ಮೂರು ಡಬ್ಬಿ, ಕಡ್ಡಿಗಳಿಗೆ ಒಂದು, ಚೈನಿಗೆ ಎರಡು, ಬ್ರೇಕಿನ ತಂತಿಗೆ ಅರ್ಧ. ಆ ವರ್ಷ ಅಸ್ಮರಾದ ಸೈಕಲ್ ರಿಪೇರಿಯವರ ಮನೆಗಳಲ್ಲೆಲ್ಲ ಸಾರು ಖಾರವಾಗಿತ್ತು ಎಂದು ನಾವು ಆಡಿಕೊಳ್ಳುತ್ತಿದ್ದೆವು. ತುಕ್ಕನ್ನು ನಿಂಬೆಹೋಳು, ಬೂದಿ ಹಾಕಿ ತಿಕ್ಕಿದ, ಬೆರಳ ತುದಿ ಸುಲಿದುಹೋಗುವ ತನಕ. ಕಚ್ಚಿಕೊಂಡ ಸೀಟಿನ ಕೊಳವೆಗೆ ದಿನಾ ಸೀಮೆಎಣ್ಣೆ ಬಿಟ್ಟು, ಹನ್ನೊಂದನೇ ದಿನ ಅದು ಕಿರ್ರೆಂದು ತಿರುಗಿದಾಗ ಗಿರಣಿ ನಿಲ್ಲಿಸಿ ಇಡೀ ಸಾಲಿಗೆ ಚಹಾ ಕುಡಿಸಿದ. ಬ್ರೇಕಿನ ರಬ್ಬರನ್ನು ಲಾರಿ ಟೈರಿನಿಂದ ಕೊಯ್ದುಕೊಂಡ. ಎಂಟು ತಿಂಗಳು ಹಿಡಿಯಿತು.

ಅಷ್ಟರಲ್ಲಿ ಸುದ್ದಿ ಬಂತು. ಜನವರಿಯ ತಿಮ್ಕೆತ್ ಹಬ್ಬ ಮುಗಿದ ಮುಂದಿನ ಭಾನುವಾರ ನಲವತ್ತು ದಾಟಿದವರಿಗೊಂದು ಓಟ. ಅಸ್ಮರಾದಿಂದ ನೆಫಾಸಿತ್‌ಗೆ ಇಳಿದು, ವಾಪಸು ಹತ್ತಿ ಬರಬೇಕು. ಅಸ್ಫಹಾನಿಗೆ ಆಗ ನಲವತ್ತೆರಡು. ಹೆಸರು ಕೊಟ್ಟು ಬಂದ ದಿನ ಅವನು ಒಬ್ಬ ಗಿರಾಕಿಯ ಮೆಣಸಿನಕಾಯಿಯನ್ನು ಇನ್ನೊಬ್ಬಳ ಚೀಲಕ್ಕೆ ಸುರಿದು ಇಬ್ಬರಿಂದಲೂ ಬೈಸಿಕೊಂಡ.

ಓಟಕ್ಕೆ ಮೂರು ವಾರ ಇರುವಾಗ ಬಿರುಕು ಕಾಣಿಸಿತು. ಹ್ಯಾಂಡಲಿನ ಬುಡದಿಂದ ಕೆಳಗೆ ಇಳಿಯುವ ಪೈಪಿನಲ್ಲಿ, ಕೂದಲೆಳೆಯಷ್ಟು. ತುಕ್ಕು ಹೋದ ಮೇಲೆ ತೋರಿದ್ದು.

ಇಲ್ಲಿ ನಮ್ಮ ಸಂತೆಯ ಒಂದು ಕಟ್ಟಳೆ ಹೇಳಬೇಕು. ಒಬ್ಬ ಬೆಸೆದದ್ದನ್ನು ಗಿರಾಕಿ ಇನ್ನೊಬ್ಬನ ಬೆಂಕಿಗೆ ಒಯ್ಯುವುದಿಲ್ಲ. ಕೆಲಸ ಕೆಟ್ಟಿದ್ದರೆ ಮಾಡಿದವನೇ ಬಾಯಿಬಿಟ್ಟು "ನನ್ನ ಕೈ ತಪ್ಪಿದೆ, ವಾಪಸು ಕೊಡು" ಎನ್ನಬೇಕು. ಆಮೇಲೆ ಅದನ್ನು ತಾನೇ ಹೊತ್ತು, ಹಗಲಿನಲ್ಲಿ, ಸಾಲಿನ ನಡುವೆ ನಡೆದು, ಸರಿಮಾಡಬಲ್ಲವನ ಹತ್ತಿರ ಇಡಬೇಕು. ಹಾಗಲ್ಲದೆ ಗಿರಾಕಿಯೇ ಹೊತ್ತುಕೊಂಡು ಹೋದರೆ ಆ ಕೆಲಸಗಾರನ ಕಥೆ ಮುಗಿದ ಹಾಗೆ. ನಾನು ಬಂದ ಹೊಸದರಲ್ಲಿ ಮಂಚ ಮಾಡುವವನೊಬ್ಬನಿಗೆ ಹಾಗಾಯಿತು. ಯಾರೂ ಒಂದು ಮಾತೂ ಆಡಲಿಲ್ಲ. ಗಿರಾಕಿಗಳು ಬರುವುದು ನಿಂತಿತು, ಅಷ್ಟೆ. ಎರಡು ತಿಂಗಳಿಗೆ ಅವನು ಅಂಗಡಿ ಬಿಟ್ಟ.

ಸೈಕಲ್ಲಿನ ಪೈಪು ಬೆಸೆಯುವುದಕ್ಕೆ ಊರಿನಲ್ಲಿ ಒಬ್ಬರೇ ಇದ್ದರು, ಮುದುಕ ದೆಬೆಸಾಯ್. ಇಟಲಿಯವರ ಹತ್ತಿರ ಕಲಿತವರು. ಸಣ್ಣ ಬೆಂಕಿ, ಹಿತ್ತಾಳೆ, ತಾಳ್ಮೆ. ಅಸ್ಫಹಾ ಅವರ ಹತ್ತಿರ ಹೋಗುವವನಿದ್ದ. ಫ್ರೇಮನ್ನು ಹೆಗಲಿಗೆ ಹಾಕಿಕೊಂಡು ನನ್ನ ಅಂಗಡಿ ದಾಟುವಾಗ ನಾನೇ ತಡೆದೆ.

"ಎಲ್ಲಿಗೆ?"

"ದೆಬೆಸಾಯ್ ಹತ್ತಿರ. ಇಲ್ಲೊಂದು ಬಿರುಕು ಬಿಟ್ಟಿದೆ."

"ಪಕ್ಕದಲ್ಲಿ ನಾನು ಸತ್ತುಹೋಗಿದೀನಾ? ದಿನಕ್ಕೆ ನಾಲ್ಕು ಒಲೆ ಬೆಸೀತೀನಿ. ಈ ಬೆರಳುದ್ದ ಪೈಪಿಗೆ ಆ ಮುದುಕನ ಬಾಗಿಲು ಕಾಯ್ತೀಯಾ?"

ಅವನು ಒಂದು ಕ್ಷಣ ಅನುಮಾನಿಸಿದ. ನಾನದನ್ನು ನೋಡಿದೆ. ನೋಡಿಯೇ ನನಗೆ ಇನ್ನಷ್ಟು ಹಟ ಬಂತು. ಫ್ರೇಮನ್ನು ಅವನ ಹೆಗಲಿನಿಂದ ಕಿತ್ತುಕೊಂಡೆ ಎಂದೇ ಹೇಳಬೇಕು.

ಡ್ರಮ್ಮಿನ ತಗಡು ದಪ್ಪ. ಎಷ್ಟು ಕಾಯಿಸಿದರೂ ತಡೆಯುತ್ತದೆ. ನನ್ನ ಕೈಗೆ ಗೊತ್ತಿದ್ದದ್ದು ಅದೊಂದೇ. ಓಟದ ಸೈಕಲ್ಲಿನ ಪೈಪು ಮೊಟ್ಟೆಯ ಸಿಪ್ಪೆಯಷ್ಟು ತೆಳು ಎಂಬುದು ಬೆಂಕಿ ತಾಗಿಸಿದ ಮೇಲೆ ತಿಳಿಯಿತು. ಪೈಪು ಕೆಂಪಗಾಗಿ, ನಾನು ಕಣ್ಣು ಮಿಟುಕಿಸುವಷ್ಟರಲ್ಲಿ ಬೆಳ್ಳಗಾಗಿ, ಕುಸಿದು ತೂತುಬಿತ್ತು. ಕೂದಲೆಳೆ ಬಿರುಕಿದ್ದಲ್ಲಿ ಈಗ ಕಡಲೆಕಾಳಿನಷ್ಟು ತೂತು. ಗಾಬರಿಯಾಗಿ ಅದಕ್ಕೆ ಕಬ್ಬಿಣದ ಕಡ್ಡಿ ಕರಗಿಸಿ ತುಂಬಿದೆ. ತುಂಬಿದಷ್ಟೂ ಸುತ್ತಲಿನ ಪೈಪು ಸುಟ್ಟಿತು. ಸುಟ್ಟ ಉಕ್ಕು ಬಿಸ್ಕತ್ತಿನ ಹಾಗೆ. ನಿಂತಿರುತ್ತದೆ, ಒಂದು ದಿನ ಪಟಕ್ಕನೆ ಮುರಿಯುತ್ತದೆ. ಅದು ಮುರಿಯುವುದು ಅಂಗಳದಲ್ಲಿ ಅಲ್ಲ, ನೆಫಾಸಿತ್ ಇಳಿಜಾರಿನ ತಿರುವಿನಲ್ಲಿ ಎಂದು ಆ ಕ್ಷಣವೇ ನನಗೆ ಗೊತ್ತಿತ್ತು.

ಆಗಲೇ ಹೇಳಿದ್ದರೆ ಮುಗಿಯುತ್ತಿತ್ತು. ಗಿರಣಿ ಹತ್ತು ಹೆಜ್ಜೆ ದೂರ. ಆದರೆ ನಾನು ಅರ ತೆಗೆದುಕೊಂಡು ಉಜ್ಜಿ ಸಪಾಟು ಮಾಡಿದೆ. ಮೇಲೆ ಪುಟ್ಟಿ ಮೆತ್ತಿದೆ. ಒಲೆಗೆ ಬಳಿದು ಉಳಿದಿದ್ದ ನೀಲಿ ಬಣ್ಣ ಬಳಿದೆ, ಬರೀ ಆ ಜಾಗಕ್ಕಲ್ಲ, ಅನುಮಾನ ಬಾರದಿರಲೆಂದು ಇಡೀ ಫ್ರೇಮಿಗೆ. ನೋಡುವುದಕ್ಕೆ ಎಷ್ಟು ಚೆನ್ನಾಗಿತ್ತೆಂದರೆ ಸಾಲಿನವರು ಬಂದು ನನ್ನ ಬೆನ್ನು ತಟ್ಟಿದರು. ನಾನು ತಟ್ಟಿಸಿಕೊಂಡೆ.

ಅಸ್ಫಹಾ ಬಂದ. ಫ್ರೇಮನ್ನು ಎತ್ತಿ ನೋಡಿದ. ಹಿಂದಿನಂತೆಯೇ ಉಗುರಿನಿಂದ ತಟ್ಟಿ ಕಿವಿ ಕೊಟ್ಟ.

"ಬಣ್ಣ ಚೆನ್ನಾಗಿದೆ," ಅಂದ. ಕೂಲಿ ಬೇಡವೆಂದರೂ ಒಂದು ಡಬ್ಬಿ ಖಾರದ ಪುಡಿ ಕೈಗಿಟ್ಟ. ಅದನ್ನೂ ಇಸಿದುಕೊಂಡೆ. ಮನೆಯಲ್ಲಿ ಆ ಖಾರದ ಸಾರು ಮಾಡಿದರು, ನಾನು ತಿಂದೆ. ನನ್ನಂಥ ನಾಚಿಕೆಗೆಟ್ಟವನು ಇನ್ನೊಬ್ಬನಿರಲಿಕ್ಕಿಲ್ಲ.

ಆ ಮೂರು ವಾರ ಅವನು ದಿನಾ ಮಧ್ಯಾಹ್ನ ಗಿರಣಿ ನಿಲ್ಲಿಸಿ ನನ್ನ ಅಂಗಡಿಗೆ ಬಂದು ಕೂರುತ್ತಿದ್ದ. ಮೊದಲು ಹಾಗೆ ಬರುತ್ತಿರಲಿಲ್ಲ. ಬಂದವನು ಸುಮ್ಮನೆ ಕೂತಿರುತ್ತಿದ್ದ. "ಇನ್ನು ಹನ್ನೆರಡು ದಿನ," ಅನ್ನುತ್ತಿದ್ದ. "ಇನ್ನು ಒಂಬತ್ತು." ನಾನು ಸುತ್ತಿಗೆ ಜೋರಾಗಿ ಬಡಿಯುತ್ತಿದ್ದೆ. ಓಟದ ಸಂಭ್ರಮಕ್ಕೆ ಲೆಕ್ಕ ಇಡುತ್ತಿದ್ದಾನೆ ಅಂದುಕೊಂಡಿದ್ದೆ. ಸೈಕಲ್ಲನ್ನು ಅವನು ಊರೊಳಗಿನ ಸಮತಟ್ಟು ಬೀದಿಯಲ್ಲಿ ಮಾತ್ರ ಓಡಿಸುತ್ತಿದ್ದ. ಇಳಿಜಾರಿನ ಕಡೆ ಯಾಕೆ ಹೋಗಲಿಲ್ಲ ಎಂದು ಯಾರೋ ಕೇಳಿದರೆ, "ಹೊಸ ಹೆಂಡತಿ, ಮೊದಲು ಊರು ತೋರಿಸ್ತೀನಿ," ಅಂದು ನಗಿಸಿದ.

ಹೇಳಬೇಕೆಂದು ಮೂರು ಸಲ ಬಾಯಿ ತೆರೆದೆ. ಒಂದು ಸಲ ಗಿರಾಕಿ ಬಂದ ಎಂದು ನುಂಗಿದೆ. ಇನ್ನೊಂದು ಸಲ ಪಕ್ಕದವನ ಕಿವಿ ಈ ಕಡೆಯಿದೆ ಎಂದು ನುಂಗಿದೆ. ಮೂರನೇ ಸಲ ನುಂಗುವುದಕ್ಕೆ ಕಾರಣವೂ ಇರಲಿಲ್ಲ.

ಓಟದ ಹಿಂದಿನ ದಿನ, ಶನಿವಾರ, ಮಧ್ಯಾಹ್ನ ಎರಡಕ್ಕೇ ಅಂಗಡಿ ಮುಚ್ಚಿ ಅವನ ಮನೆಗೆ ಹೋದೆ. ಇವತ್ತು ಹೇಳಿಯೇ ಬರುತ್ತೇನೆ ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಹಿದಾತ್ ಕಾಫಿ ಬೀಜ ಹುರಿಯುತ್ತಿದ್ದಳು. ಅವಳ ಮಡಿಲಲ್ಲಿ ಅವನ ಅಂಗಿ, ಅದರ ಬೆನ್ನಿಗೆ ಹೊಲಿಯುತ್ತಿದ್ದ ನಂಬರಿನ ಬಟ್ಟೆ: ಇಪ್ಪತ್ತೇಳು.

"ನೋಡು ಅಣ್ಣ, ಅವತ್ತು ತುಕ್ಕು ಅಂತ ಬೈದೆ," ಅಂದಳು. "ಈಗ ನಿದ್ದೇಲೂ ಪೆಡಲ್ ತುಳೀತಾನೆ, ನನಗೆ ಒದೆ. ಆದ್ರೆ ಸೂಡಾನಿನಲ್ಲಿ ಅಷ್ಟು ವರ್ಷ ಜೊತೇಲಿದ್ದೆ, ಈ ಮುಖ ನೋಡಿರಲಿಲ್ಲ ನಾನು."

ಅಸ್ಫಹಾ ಅಂಗಿ ತೊಟ್ಟು ನನಗೆ ಬೆನ್ನು ತೋರಿಸಿದ. ಆಮೇಲೆ ಎದುರು ಕೂತು, ಮೊಣಕಾಲ ಮೇಲೆ ಕೈಯೂರಿ, ನನ್ನನ್ನೇ ನೋಡಿದ.

"ಹೇಳು ಬೆರಾಖಿ," ಅಂದ. "ಏನೋ ಹೇಳೋಕೆ ಬಂದ ಹಾಗಿದೆ."

"ಮೆಣಸಿನಕಾಯಿ ರೇಟು ಏರುತ್ತಂತೆ," ಅಂದೆ.

ಅವನು ಮೊಣಕಾಲ ಮೇಲಿನ ಕೈ ತೆಗೆದ. "ಏರಲಿ," ಅಂದ. ನಾನು ಕಾಫಿ ಪೂರ್ತಿ ಕುಡಿಯದೆ ಎದ್ದು ಬಂದೆ. ಅವನು ಬಾಗಿಲ ತನಕ ಬಂದು, ನಾನು ಬೀದಿಯ ತಿರುವು ದಾಟುವವರೆಗೂ ನಿಂತಿದ್ದ.

ಭಾನುವಾರ ಬೆಳಿಗ್ಗೆ ಓಟ ಶುರುವಾಗುವ ಜಾಗದಲ್ಲಿ ಎಲ್ಲರಿಗಿಂತ ಮೊದಲು ಹೋಗಿ ನಿಂತೆ. ಅವನ ಸೈಕಲ್ಲಿನ ಮುಂದೆ ಅಡ್ಡ ಮಲಗಿಯಾದರೂ ತಡೆಯುತ್ತೇನೆ ಅಂದುಕೊಂಡಿದ್ದೆ. ಹಾಗೆ ಮಾಡುತ್ತಿದ್ದೆನೋ ಇಲ್ಲವೋ ದೇವರಿಗೇ ಗೊತ್ತು. ಅಸ್ಫಹಾ ನಡೆದುಕೊಂಡು ಬಂದ. ಸೈಕಲ್ಲಿರಲಿಲ್ಲ. ಮೈಮೇಲೆ ದಿನದ ಕೋಟು.

"ಮೊಣಕಾಲು ಹಿಡ್ಕೊಂಡಿದೆ," ಅಂದ. "ವಯಸ್ಸಾಯ್ತು ಮಾರಾಯ."

ನನಗೆ ಆದ ಸಂತೋಷವನ್ನು ಹೇಳಲು ಇವತ್ತಿಗೂ ನಾಚಿಕೆಯಾಗುತ್ತದೆ. ಮೈಯಿಂದ ಡ್ರಮ್ಮಿನ ಭಾರ ಇಳಿದಂತಾಯಿತು. "ಪಾಪ, ಹೋಗಲಿ ಬಿಡು, ಮುಂದಿನ ವರ್ಷ ಇದೆಯಲ್ಲ," ಎಂದು ಅವನ ಭುಜ ಬೇರೆ ತಟ್ಟಿದೆ. ಇಬ್ಬರೂ ಪಕ್ಕಪಕ್ಕ ನಿಂತು ನೋಡಿದೆವು. ಹೊಟ್ಟೆ ಬಂದವರು, ತಲೆ ಬೋಳಾದವರು, ಅವನ ಜೊತೆ ರೊಟ್ಟಿ ಹಂಚಿದವನೊಬ್ಬ, ಎಲ್ಲರೂ ಸಾಲಾಗಿ ಹೊರಟರು. ಅಸ್ಫಹಾ ಒಬ್ಬೊಬ್ಬರ ಹೆಸರನ್ನೂ ಕೂಗಿದ. ಗಂಟಲು ಕಟ್ಟುವ ತನಕ ಕೂಗಿದ. ಅವರು ಇಳಿಜಾರಿನ ಮೋಡದೊಳಗೆ ಮರೆಯಾದ ಮೇಲೂ ಅವನು ಆ ಕಡೆಯೇ ನೋಡುತ್ತಿದ್ದ.

ಮುಂದಿನ ವರ್ಷ ಇರಲಿಲ್ಲ. ಮೇ ತಿಂಗಳಲ್ಲಿ ಗಡಿಯಲ್ಲಿ ಯುದ್ಧ ಶುರುವಾಯಿತು. ಆ ರಸ್ತೆಯಲ್ಲಿ ಸೈಕಲ್ಲುಗಳ ಬದಲು ಲಾರಿಗಳು ಓಡಿದವು. ಎರಡು ವರ್ಷ ಹೀಗೇ ಹೋಯಿತು. ಅಷ್ಟರಲ್ಲಿ ಇಷ್ಟು ವರ್ಷದ ಧೂಳು ಅಸ್ಫಹಾನ ಎದೆಗೆ ಇಳಿದಿತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ಕೆಮ್ಮು. ಏರು ಹತ್ತುವುದೆಲ್ಲ ಇನ್ನು ಬಿಡು ಎಂದು ಡಾಕ್ಟರು ಹೇಳಿದ್ದರು. ನೀಲಿ ಸೈಕಲ್ಲು ಗಿರಣಿಯ ಗೋಡೆಗೆ ನೇತುಬಿದ್ದಿತ್ತು. ನಾನು ಅದಕ್ಕೆ ಬೆನ್ನು ಹಾಕಿ ಕೂರುವಂತೆ ಕಬ್ಬಿಣ ಬಡಿಯುವ ನನ್ನ ಅಡಿಗಲ್ಲನ್ನೇ ತಿರುಗಿಸಿ ಇಟ್ಟುಕೊಂಡಿದ್ದೆ.

ಶಾಲೆಗೆ ರಜೆಯಿದ್ದ ಒಂದು ಬೆಳಿಗ್ಗೆ ಸೈಕಲ್ಲು ಕೊಳ್ಳಲು ಒಬ್ಬ ಬಂದ. ನೆಫಾಸಿತ್‌ನವನು, ಇಲ್ಲಿ ಶಾಲೆಯಲ್ಲಿ ಮೇಷ್ಟ್ರು. ಶನಿವಾರ ಮಧ್ಯಾಹ್ನ ಊರಿಗೆ ಇಳಿಯುವುದಕ್ಕೆ ಸೈಕಲ್ಲು ಬೇಕಂತೆ.

"ಇಳಿಯುವಾಗ ಬಸ್ಸಿಗಿಂತ ಬೇಗ ಹೋಗ್ತೀನಿ ಅಣ್ಣ," ಅಂದ, ಹಲ್ಲು ಬಿಟ್ಟು. "ಹತ್ತುವಾಗ ಬಸ್ಸಿನ ಮೇಲೆ ಹಾಕಿಕೊಂಡು ಬರ್ತೀನಿ."

ಅಸ್ಫಹಾ ಸೈಕಲ್ಲನ್ನು ಇಳಿಸಿ ಧೂಳು ಒರೆಸಿದ. ಆಮೇಲೆ ನನ್ನನ್ನು ಕರೆದ.

"ಬೆರಾಖಿ, ಬೆಸೆದವನು ನೀನು. ಹೇಳು, ಕೊಡಲಾ?"

ಮೇಷ್ಟ್ರಿಗೆ ಇಪ್ಪತ್ತಾರೋ ಇಪ್ಪತ್ತೇಳೋ. ಕಿಸೆಯಿಂದ ಆಗಲೇ ದುಡ್ಡು ತೆಗೆದು ಕೈಯಲ್ಲಿ ಹಿಡಿದಿದ್ದ.

"ಕೊಡಬೇಡ," ಅಂದೆ. ಧ್ವನಿ ಎಲ್ಲಿಂದ ಬಂತೋ ಗೊತ್ತಿಲ್ಲ. "ಪೈಪು ಸುಟ್ಟಿದೆ. ಬೆಸೆಯುವಾಗ ನಾನೇ ಸುಟ್ಟೆ. ಒಳಗೆ ತೂತು ಬಿತ್ತು, ಪುಟ್ಟಿ ಮೆತ್ತಿ ಬಣ್ಣ ಹಚ್ಚಿದೆ. ನನ್ನ ಕೈ ತಪ್ಪಿದೆ. ವಾಪಸು ಕೊಡು."

ಮೇಷ್ಟ್ರು ನಮ್ಮಿಬ್ಬರ ಮುಖ ನೋಡಿದ. ಅಸ್ಫಹಾ ಮಾತ್ರ ನಿಧಾನವಾಗಿ ಉಸಿರು ಬಿಟ್ಟ, ಬಹಳ ದಿನದಿಂದ ಹಿಡಿದುಕೊಂಡದ್ದನ್ನು ಬಿಟ್ಟ ಹಾಗೆ.

"ಗೊತ್ತು," ಅಂದ.

"ಯಾವಾಗಿಂದ?"

"ನೀನು ಕೊಟ್ಟ ದಿನದಿಂದ. ತಟ್ಟಿದೆನಲ್ಲ. ಸದ್ದು ಸತ್ತಿತ್ತು."

"ಮತ್ತೆ ಯಾಕೋ ದೆಬೆಸಾಯ್ ಹತ್ತಿರ ಹೋಗಲಿಲ್ಲ?" ನಾನು ಕಿರುಚಿಬಿಟ್ಟೆ. ಕೋಪ ಬರಬೇಕಾದದ್ದು ಅವನಿಗೆ, ಬಂದದ್ದು ನನಗೆ. "ಹೊತ್ಕೊಂಡು ಹೋಗಬೇಕಿತ್ತು! ಕಳ್ಳ ಅಂತ ಬಾಯಿಗೆ ಬಂದ ಹಾಗೆ ಬೈಯಬೇಕಿತ್ತು!"

"ನಾನು ಹೊತ್ಕೊಂಡು ಹೋಗಿದ್ದರೆ ಸೋಮವಾರದಿಂದ ನಿನ್ನ ಒಲೆ ಯಾರು ಕೊಳ್ತಿದ್ದರು?" ಅಂದ. ಕೆಮ್ಮು ಬಂತು, ಅದು ನಿಲ್ಲುವ ತನಕ ಕಾದು ಮತ್ತೆ ಹೇಳಿದ. "ದೆಬೆಸಾಯ್‌ಗೆ ಹೇಳಿಟ್ಟಿದ್ದೆ. ಹೆಸರು ಹೇಳಿರಲಿಲ್ಲ. ಒಬ್ಬ ಒಂದು ಫ್ರೇಮು ಹೊತ್ಕೊಂಡು ಬರ್ತಾನೆ, ಓಟದ ಹಿಂದಿನ ಶನಿವಾರ ಬೆಂಕಿ ಆರಿಸಬೇಡಿ ಅಂದಿದ್ದೆ. ನೀನು ಮನೆಗೆ ಬಂದಾಗ ಹಿದಾತ್‌ಗೆ ಕಣ್ಣು ಮಿಟುಕಿಸಿದೆ, ಬಂದ ನೋಡು ಅಂತ."

ನಾನು ಸೈಕಲ್ಲಿನ ಚಕ್ರ ಬಿಚ್ಚಿ, ಫ್ರೇಮನ್ನು ಹೆಗಲಿಗೆ ಹಾಕಿಕೊಂಡು ಸಾಲಿನ ನಡುವೆ ಹೊರಟೆ. ಬೆಳಗಿನ ಹತ್ತು ಗಂಟೆ, ಸಂತೆ ತುಂಬಿತ್ತು. ಕಣ್ಣುಗಳೆಲ್ಲ ನನ್ನನ್ನು ಚುಚ್ಚುತ್ತವೆ ಎಂದು ತಲೆ ತಗ್ಗಿಸಿ ನಡೆದೆ. ಸ್ವಲ್ಪ ದೂರ ಹೋದ ಮೇಲೆ ತಲೆ ಎತ್ತಿ ನೋಡಿದೆ. ಬಾಣಲೆ ಬಡಿಯುವವನು ಬಾಣಲೆ ಬಡಿಯುತ್ತಿದ್ದ. ಟೈರು ಕೊಯ್ಯುವವನು ಟೈರು ಕೊಯ್ಯುತ್ತಿದ್ದ. ಒಬ್ಬ ಮುದುಕ "ದಾರಿ ಬಿಡ್ರೋ, ಕೆಲಸ ವಾಪಸು ಹೋಗ್ತಿದೆ," ಎಂದು ತನ್ನ ಡ್ರಮ್ಮನ್ನು ಪಕ್ಕಕ್ಕೆ ಉರುಳಿಸಿ, ಮತ್ತೆ ತನ್ನ ಕೆಲಸ ನೋಡಿಕೊಂಡ. ಅಷ್ಟೇ. ಯಾವ ಮಾನಕ್ಕೆ ಹೆದರಿ ಎರಡು ವರ್ಷ ಬಾಯಿ ಹೊಲಿದುಕೊಂಡಿದ್ದೆನೋ ಅದಕ್ಕೆ ಆದ ನಷ್ಟ ಇಷ್ಟು.

ಹಿಂದೆಯೇ ಅಸ್ಫಹಾ, ಅವನ ಹಿಂದೆ ಚಕ್ರ ಹಿಡಿದುಕೊಂಡ ಮೇಷ್ಟ್ರು. ದೆಬೆಸಾಯ್ ಅಂಗಡಿಯ ಬಾಗಿಲಲ್ಲೇ ಕೂತಿದ್ದರು. ಫ್ರೇಮನ್ನು ಅವರ ಮುಂದಿಟ್ಟು, ಹಿರಿಯರನ್ನು ಕರೆಯುವ ಹಾಗೆ "ಅಬೋಯ್, ನನ್ನ ಕೈ ತಪ್ಪಿದೆ," ಅಂದೆ.

ಮುದುಕ ಬಣ್ಣ ಕೆರೆದು ನೋಡಿದರು. "ಒಲೆಯವನಾ ನೀನು?"

"ಹೌದು, ಅಬೋಯ್."

"ಒಲೆಯ ಹಾಗೇ ಬೆಸೆದಿದ್ದೀಯ. ಕೂತ್ಕೋ."

ಸುಟ್ಟ ತುಂಡನ್ನು ಕೊಯ್ದು ಹಾಕಿದರು. ಅಂಥದೇ ಹಳೆಯ ಪೈಪಿನ ಒಂದು ಚೂರನ್ನು ಅಲ್ಲಿ ಕೂರಿಸಿದರು. ಸಣ್ಣ ನೀಲಿ ಬೆಂಕಿ ಹಿಡಿದರು. ಹಿತ್ತಾಳೆ ತಾನಾಗಿ ಹರಿದು ಸಂದಿಗೆ ಇಳಿಯಿತು, ಜೇನು ಇಳಿದ ಹಾಗೆ. ಪಕ್ಕದ ಚಹಾದವನು ತಂದಿಟ್ಟ ಚಹಾ ನನ್ನ ಕೈಯಲ್ಲಿ ಇನ್ನೂ ಪೂರ್ತಿ ಆರಿರಲಿಲ್ಲ, ಅವರು ಕನ್ನಡಕ ತೆಗೆದು, "ಹ್ಞೂಂ, ತಗೊಳ್ಳಿ," ಅಂದರು.

ಅಸ್ಫಹಾ ತಟ್ಟಿ ನೋಡಿದ. ಗಂಟೆಯ ಹಾಗೆ ನುಡಿಯಿತು.

ಅಲ್ಲೇ ಚಕ್ರ ಹಾಕಿದೆವು. ಮೇಷ್ಟ್ರು ದುಡ್ಡು ಕೊಟ್ಟು, ಪ್ಯಾಂಟಿನ ಕಾಲು ಮಡಿಸಿಕೊಂಡು ಹತ್ತಿದ. ಊರಿನ ಅಂಚಿನ ತನಕ ನಾವೂ ನಿಧಾನವಾಗಿ ನಡೆದೆವು. ಅಸ್ಫಹಾ ನಡುನಡುವೆ ಗೋಡೆ ಹಿಡಿದು ನಿಲ್ಲುತ್ತಿದ್ದ. ನಮಗಾಗಿ ಕಾಯುತ್ತಿದ್ದ ಮೇಷ್ಟ್ರು ಒಂದು ಕೈ ಎತ್ತಿ ಬೀಸಿ, ಮೈ ಬಗ್ಗಿಸಿ, ಮೊದಲ ತಿರುವನ್ನು ಹಕ್ಕಿಯ ಹಾಗೆ ತೆಗೆದುಕೊಂಡು ಮೋಡದೊಳಗೆ ಇಳಿದುಹೋದ. ಅಸ್ಫಹಾ ಕುತ್ತಿಗೆ ಉದ್ದ ಮಾಡಿ ನೋಡುತ್ತಿದ್ದ. ಅವನ ಬಲಗೈಯ ಎರಡು ಬೆರಳುಗಳು, ಅಲ್ಲಿಲ್ಲದ ಬ್ರೇಕನ್ನು ಮೆಲ್ಲಗೆ ಒತ್ತುತ್ತಿದ್ದವು.

ಅವನ ಕಾಲಿಗೆ ಬೀಳೋಣ ಅನ್ನಿಸಿತು. "ಎಷ್ಟು ಬೇಗ ಮುಗೀತಲ್ಲ ಬೆಸುಗೆ," ಎಂದು ಮಾತ್ರ ಅಂದೆ, ಏನೋ ಒಂದು ಅನ್ನಬೇಕಲ್ಲ ಎಂದು.

"ಹ್ಞೂಂ," ಅಂದ ಅಸ್ಫಹಾ. ಬೇಸರವಿಲ್ಲ, ಕೊಂಕಿಲ್ಲ, ಇದ್ದದ್ದನ್ನು ಹೇಳುವ ಧ್ವನಿ. "ಆ ಶನಿವಾರ ನೀನು ಮನೆಗೆ ಬಂದಾಗ ಮಧ್ಯಾಹ್ನ ಇನ್ನೂ ಮೂರು ಗಂಟೆ ಕೂಡ ಆಗಿರಲಿಲ್ಲ ಬೆರಾಖಿ. ಓಟಕ್ಕೆ ತುಂಬ ಹೊತ್ತು ಇತ್ತು."